ಕೆರೆಗೆ ಎದುರಾದ ಮನೆ

"ಗುರುಗಳೇ, ನನ್ನಿಂದ ಉಪಕಾರ ಪಡೆದವರಲ್ಲಿ ಒಬ್ಬರೂ ಈವರೆಗೆ ನನ್ನ ತಪ್ಪು ಎತ್ತಿ ಆಡಿಲ್ಲ. ಹಾಗಾದರೆ ನಾನು ನಡೆಯುತ್ತಿರುವ ದಾರಿ ಸರಿಯಿದೆ ಎಂದು ತಿಳಿಯಬಹುದೇ?" ಎಂದು ಶಿಷ್ಯ ಹಾಲಪ್ಪ ಕೇಳಿದ. ಅವನು ಉಳ್ಳವನು, ಕೊಡುಗೈಯವನು. ಗುರುಗಳು ಅವನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಪಟ್ಟಣದ ಅಂಚಿನಲ್ಲಿ ನಲವತ್ತು ಎಕರೆ ಭೂಮಿ ಕೊಂಡ. ಅದರಲ್ಲಿ ಹೊಂಗೆ, ಹುಣಸೆ, ಬೇವಿನ ಮರಗಳಿದ್ದವು. ನಡುವೆ ಒಂದು ಸಣ್ಣ ಕೆರೆಯಿತ್ತು. ಬೇರೆಯವರಾಗಿದ್ದರೆ ಮರ ಕಡಿದು, ಕೆರೆ ಮುಚ್ಚಿ, ಸೈಟು ಮಾಡಿ ಮಾರುತ್ತಿದ್ದರು. ಇವನು ಹತ್ತೇ ಎಕರೆಯಲ್ಲಿ ಮನೆಗಳನ್ನು ಕಟ್ಟಿಸಿ ಉಳಿದದ್ದನ್ನು ಇದ್ದಂತೆಯೇ ಬಿಟ್ಟ. ದಾರಿಗೆ ಮರ ಅಡ್ಡ ಬಂದರೆ ದಾರಿಯನ್ನೇ ಬಳಸಿ ಒಯ್ದ. ಅದೇ ವ್ಯಾಪಾರದ ಮಂದಿ ಇವನಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕೆರೆಯೆಂದರೆ ಅವನಿಗೆ ಪ್ರಾಣ. ಒಳ್ಳೆಯ ಮನುಷ್ಯನೇ ಅವನು, ಹಾಲಪ್ಪ. ಅದರಲ್ಲಿ ಅನುಮಾನ ಬೇಡ.

ಆ ಕೆರೆಯನ್ನು ನೋಡಿಕೊಳ್ಳಲು ಒಬ್ಬ ಮುದುಕ ನೀರುಗಂಟಿಯಿದ್ದ. ಅವನ ಅಪ್ಪ, ತಾತ ಮಾಡಿದ್ದೂ ಅದೇ ಕೆಲಸ. ಪ್ರತಿ ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಅವನು ಸುತ್ತಲಿನ ರೈತರನ್ನು ಕರೆಯುತ್ತಿದ್ದ. ಅವರು ಗಾಡಿ ತಂದು, ಕೆರೆಯಲ್ಲಿ ಕೂತ ಹೂಳನ್ನು ತುಂಬಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಎಷ್ಟು ಅಗೆಯಬೇಕು ಎಂಬುದು ಮುದುಕನೊಬ್ಬನಿಗೇ ಗೊತ್ತಿತ್ತು. ಗುದ್ದಲಿಯ ಸದ್ದು ಬದಲಾದ ಕಡೆ ಅವನು ಸಾಕೆನ್ನುತ್ತಿದ್ದ.

ವರ್ತಕನಿಗೆ ಇದು ಕೆರೆಯ ಒಡಲು ಬಗೆದಂತೆ ಕಂಡಿತು. ಇನ್ನು ಮೇಲೆ ಯಾರೂ ಕೆರೆಗೆ ಗುದ್ದಲಿ ಹಾಕಕೂಡದು, ಗಾಡಿ ಇಳಿಸಕೂಡದು ಎಂದು ಕಟ್ಟಳೆ ಮಾಡಿದ.

ಮುದುಕ ಬಂದು, "ಬುದ್ಧೀ, ಹೂಳು ಎತ್ತದೇ ಇದ್ರೆ ಕೆರೆ ಉಳಿಯಾಕಿಲ್ಲ" ಎಂದ.

ವರ್ತಕನಿಗೆ ಅವನ ಬಡಕಲು ಮೈ ಕಂಡಿತು, ಮಾತು ಕೇಳಿಸಲಿಲ್ಲ. "ಇಷ್ಟು ವರ್ಷ ದುಡಿದಿದ್ದೀಯ, ಸಾಕು" ಎಂದು, ಕೆರೆಗೆ ಎದುರಾಗಿದ್ದ ಮನೆಯೊಂದನ್ನು ಅವನ ಹೆಸರಿಗೇ ಬರೆದುಕೊಟ್ಟ. ಎಂಥ ಮನೆ! ಜಗಲಿಯಲ್ಲಿ ಕೂತರೆ ಇಡೀ ಕೆರೆ ಕಾಣುತ್ತಿತ್ತು.

ಮುದುಕ ಜಗಲಿಯಲ್ಲಿ ಕೂತ. ಪ್ರತಿ ಬೇಸಿಗೆಯಲ್ಲೂ ಗುದ್ದಲಿಯನ್ನು ಹೊರಗೆ ತಂದು ಗೋಡೆಗೆ ಒರಗಿಸಿ, ಯಾರಾದರೂ ಕರೆದಾರೆಂದು ಕಾಯುತ್ತಿದ್ದ. ಮಳೆ ಬಿದ್ದ ಮೇಲೆ ಒಳಗೆ ಇಡುತ್ತಿದ್ದ. ದಾರಿಯಲ್ಲಿ ಹೋಗುವಾಗ ವರ್ತಕ ಅದನ್ನು ನೋಡಿ, ಪಾಪ, ಹಳೆಯ ಅಭ್ಯಾಸ ಎಂದುಕೊಳ್ಳುತ್ತಿದ್ದ. ನೀರು ತುಂಬಿದಾಗ ಕೆರೆ ಮೇಲುನೋಟಕ್ಕೆ ಮೊದಲಿನಂತೆಯೇ ಇತ್ತು.

ಒಂಬತ್ತನೆಯ ವರ್ಷ ನೀರು ಮೊಣಕಾಲುದ್ದವೂ ನಿಲ್ಲಲಿಲ್ಲ. ಕೆರೆಯ ತುಂಬ ಜೊಂಡು ಬೆಳೆಯಿತು, ಹಕ್ಕಿಗಳು ಬರುವುದನ್ನು ಬಿಟ್ಟವು. ವರ್ತಕ ಗಾಬರಿಯಾಗಿ ಮುದುಕನ ಮನೆಗೆ ಓಡಿದ. ಮುದುಕ ಹಾಸಿಗೆ ಹಿಡಿದಿದ್ದ.

"ಕಣ್ಣಾರೆ ನೋಡ್ತಾ ಕೂತಿದ್ದೆಯಲ್ಲೋ, ಇನ್ನೊಂದು ಸಲ ಹೇಳಬಾರದಿತ್ತಾ?"

"ಒಂದ್ಸಲ ಹೇಳ್ದೆ ಬುದ್ಧೀ. ನೀವು ಮನೆ ಕೊಟ್ರಿ. ಮನೆ ಕೊಟ್ಟೋರಿಗೆ ಎರಡ್ನೇ ಸಲ ಯಾವ ಬಾಯಲ್ಲಿ ಹೇಳ್ಲಿ?"

ಆ ವಾರವೇ ಅವನು ತೀರಿಕೊಂಡ. ವರ್ತಕ ಆಳುಗಳನ್ನು ಕರೆಸಿ, ತಾನೇ ನಿಂತು ಹೂಳು ತೆಗೆಸಿದ. ಸಾಕೆನ್ನುವವರು ಯಾರೂ ಇರಲಿಲ್ಲ. ನೀರನ್ನು ಹಿಡಿದಿಡುತ್ತಿದ್ದ ತಳದ ಜೇಡಿಮಣ್ಣೂ ಹೂಳಿನ ಜೊತೆಗೇ ಹೊರಟುಹೋಯಿತು. ಆ ವರ್ಷ ಮಳೆ ಚೆನ್ನಾಗಿಯೇ ಬಂತು. ಬಂದ ನೀರೆಲ್ಲ ವಾರದೊಳಗೆ ಇಂಗಿಹೋಯಿತು. ಮರಗಳು ಇವತ್ತಿಗೂ ಇವೆ, ಒಂದನ್ನೂ ಕಡಿದಿಲ್ಲ. ವರ್ತಕ ಈಗ ಮುದುಕನ ಜಗಲಿಯಲ್ಲಿ ಕೂತು ಆ ಒಣ ಗುಂಡಿಯನ್ನು ನೋಡುತ್ತಿರುತ್ತಾನೆ. ಅವನನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಗುರುಗಳು ಕತೆ ಮುಗಿಸಿದರು. ಹಾಲಪ್ಪನಿಗೂ ವರ್ತಕನ ಮೇಲೆ ಕನಿಕರ ಹುಟ್ಟಿತು. "ತಪ್ಪು ಮುದುಕನದಲ್ಲವೇ? ಇನ್ನೊಮ್ಮೆ ಬಾಯಿಬಿಟ್ಟು ಹೇಳಿದ್ದರೆ ವರ್ತಕ ಖಂಡಿತ ಕೇಳುತ್ತಿದ್ದ" ಎಂದ.

ಗುರುಗಳು ಕೇಳಿದರು: "ನೀನು ಯಾರ್ಯಾರಿಗೆ ಮನೆ ಕೊಟ್ಟಿದ್ದೀಯ, ಹಾಲಪ್ಪ?"