ಬೆಟ್ಟದ ಗಿಲಿಗಿಚ್ಚಿ, ಬಯಲಿನ ಗಿಲಿಗಿಚ್ಚಿ

ಅಯ್ಯೋ, ಬೆಟ್ಟದ ಗಿಲಿಗಿಚ್ಚಿ ಯಾವುದು, ಬಯಲಿನ ಗಿಲಿಗಿಚ್ಚಿ ಯಾವುದು ಅಂತ ಕೇಳೋಕೆ ನಿಮಗೆ ಬೇರೆ ಯಾರೂ ಸಿಗಲಿಲ್ವಾ? ಎರಡೂ ಮೊಣಕಾಲುದ್ದದ ಗಿಡ. ಎರಡಕ್ಕೂ ಹಳದಿ ಹೂವು. ಒಣಗಿದ ಕಾಯಿ ಅಲ್ಲಾಡಿಸಿದ್ರೆ ಎರಡೂ ಗಿಲಿಗಿಲಿ ಅನ್ನುತ್ವೆ. ಇನ್ನೇನು ಹೇಳಲಿ?

ನಮ್ಮ ಗುರುಗಳು ಮರುಳಯ್ಯನವರು ಗಿಡ ನೋಡಿ ಯಾವುದು ಯಾವುದು ಅಂತ ಹೇಳ್ತಿದ್ರು. ಬೆಟ್ಟದ ಬುಡದಲ್ಲಿ, ಹಳ್ಳದ ದಂಡೆ ಮೇಲೆ ಅವರ ಆಶ್ರಮ. ಕಾಡುಗಿಡಗಳ ಬೀಜ ಆರಿಸೋದು, ಮೊದಲ ಮಳೆಗೆ ಬೋಳು ನೆಲದಲ್ಲಿ ಎರಚೋದು, ಅವರ ಪೂಜೆ ಅಂದ್ರೆ ಇಷ್ಟೇ. ಬೆಟ್ಟದ್ದು ಬೆಟ್ಟಕ್ಕೆ, ಬಯಲಿನದ್ದು ಬಯಲಿಗೆ. ಅದಲುಬದಲಾದ್ರೆ ಹುಟ್ಟುತ್ತೆ, ಬದುಕಲ್ಲ.

ಆ ವರ್ಷ ಅವರ ಮೊಣಕಾಲು ಕೈಕೊಡ್ತು. ಬೆಟ್ಟಕ್ಕೂ ಬೆಂಕಿ ಬಿದ್ದು, ಮೇಲೆ ಒಂದೆರಡು ಗಿಲಿಗಿಚ್ಚಿ ಮಾತ್ರ ಉಳಿದಿದ್ವು. ಆ ಬೀಜ ಹಾಳಾದ್ರೆ ಬೆಟ್ಟದ ಗಿಲಿಗಿಚ್ಚಿ ಕಥೆ ಮುಗೀತು. ಉಳಿದಿದ್ದ ಶಿಷ್ಯ ನಾನೊಬ್ಬನೇ.

"ಕೊಟ್ರೇಶಿ, ಗುರುತು ಹಿಡೀತೀಯೇನೋ?"

"ಅದೇನ್ ಮಹಾ, ಅಯ್ನೋರೇ. ಬೆಟ್ಟದ್ದರ ಮೈಮೇಲೆ ರೋಮ ಇರುತ್ತೆ. ಚಳಿ ನೋಡಿ, ಕಂಬಳಿ ಹೊದ್ಕೊಂಡಿರುತ್ತೆ."

ಅವರು ಅಂಗಳದಾಚೆಯ ಬಯಲಿನ ಗಿಡವೊಂದನ್ನ ತೋರಿಸಿದ್ರು. ಅದಕ್ಕೂ ಮೈತುಂಬ ರೋಮ.

"ಇದ್ಯಾಕೆ ಹೊದ್ಕೊಂಡಿದೆ?"

"ಬಿಸಿಲಿಗೆ ಇರಬಹುದು," ಅಂದೆ.

"ನನ್ನ ಬೀಜದ ಜೋಳಿಗೆ ಈಗಲೇ ನಿನಗೆ ಕೊಡಲ್ಲ. ಹೋಗಿ ಬೀಜ ತಗೊಂಡು ಬಾ."

ಎರಡೂ ಕಡೆಯಿಂದ ಬೀಜ ತಂದೆ. ಬೆಟ್ಟದ್ದು ಟವಲ್ಲಿನ ಎಡ ತುದಿಗೆ ಗಂಟು, ಬಯಲಿನದ್ದು ಬಲ ತುದಿಗೆ ಗಂಟು. ಟವಲ್ಲು ಹೆಗಲ ಮೇಲೆ. ಅಷ್ಟು ಜಾಗ್ರತೆ.

ಗುರುಗಳು ಕಟ್ಟೆ ಮೇಲೆ ಕೂತಿದ್ರು. ಗುರುಗಳ ಮುಂದೆ ಹೆಗಲ ಮೇಲೆ ಟವಲ್ಲು ಇರಬಾರದಲ್ಲ? ಸೊಂಟಕ್ಕೆ ಸುತ್ಕೊಂಡು ಅಡ್ಡಬೀಳೋದು ನಮ್ಮ ಪದ್ಧತಿ. ತೆಗೆದೆ. ಗಂಟು ಅಡ್ಡ ಬಂತು, ಬಿಚ್ಚಿದೆ. ಚೆನ್ನಾಗಿ ಝಾಡಿಸಿ ಸೊಂಟಕ್ಕೆ ಕಟ್ಟಿದೆ. ಉದ್ದಕ್ಕೆ ಅಡ್ಡಬಿದ್ದೆ.

ಹಣೆಗೆ ಬೀಜ ಚುಚ್ಚಿತು.

ಮೇಲಿಂದ ಗುರುಗಳ ಧ್ವನಿ: "ಏಳಪ್ಪ. ಭಕ್ತಿ ಸಾಕು."

ಎರಡೂ ಬೀಜ ಒಂದೇ ರಾಶಿ. ಕೂತು ಆರಿಸಿದೆ. ಸಂಜೆ ಹೊತ್ತಿಗೆ ಎರಡು ಗುಡ್ಡೆ ಮಾಡಿ ಎದೆಯುಬ್ಬಿಸಿ ನಿಂತೆ.

"ಕಪ್ಪು ಬಯಲಿನದ್ದು, ಅಯ್ನೋರೇ. ಬಿಸಿಲಿಗೆ ಕಪ್ಪಾಗಿದೆ. ಬಿಳಚಿಕೊಂಡಿರೋದು ಬೆಟ್ಟದ್ದು."

"ಹಂಗಾದ್ರೆ ಎಮ್ಮೆ ಬಯಲಿನದ್ದು, ಹಸು ಬೆಟ್ಟದ್ದು?"

ಅಂಗಳದಾಚೆಯ ಗಿಡದಿಂದ ಒಂದು ಕಾಯಿ ಕಿತ್ತು ಒಡೆದ್ರು. ಒಳಗೆ ಕಪ್ಪು ಬೀಜವೂ ಇತ್ತು, ಬಿಳಚಿದ್ದೂ ಇತ್ತು.

ಅವರು ನನ್ನ ಎರಡು ಗುಡ್ಡೆಗಳನ್ನೂ ಒಂದು ಮಾಡಿದ್ರು. ಕಲಸಿದ್ರು. ಮತ್ತೆ ಅರ್ಧರ್ಧ ಮಾಡಿದ್ರು.

"ಈ ಅರ್ಧ ಬೆಟ್ಟಕ್ಕೆ ಎರಚು. ಆ ಅರ್ಧ ಬಯಲಿಗೆ."

"ಅಯ್ಯೋ, ಅರ್ಧಕ್ಕರ್ಧ ಸಾಯ್ತವಲ್ಲ!"

"ಸಾಯ್ತವೆ. ಬಿದ್ದವನು ನೀನು, ಸಾಯೋವು ಅವು."

ಆ ಮಾತು ಹೊತ್ಕೊಂಡು ಬೆಟ್ಟ ಹತ್ತೋದು ಬೀಜ ಹೊತ್ತಷ್ಟು ಹಗುರ ಇರಲಿಲ್ಲ.

ಮಳೆ ಬಂತು. ಓಡಿ ಬಂದೆ. "ಅಯ್ನೋರೇ, ಎರಡೂ ಕಡೆ ಹುಟ್ಟಿವೆ! ಬೆಟ್ಟದ ಮೇಲೂ ಬೇಕಾದಷ್ಟಿವೆ!"

"ಹುಟ್ಟೋದಕ್ಕೇನು, ಎಲ್ಲಾ ಹುಟ್ಟುತ್ತೆ. ಹೋಗು, ಅಲ್ಲೇ ಕೂತ್ಕೋ."

ಹೋಗಿ ಕೂತೆ. ದಿನಾ ಹೋದೆ. ಬೆಟ್ಟದ ಗಾಳಿಗೆ ಕೆಲವು ನೆಟ್ಟಗೆ ನಿಂತು ಮುರಿದ್ವು. ಕೆಲವು ಕಲ್ಲಿಗೆ ಮೈ ಒತ್ತಿ ಮಲಗಿದ್ವು. ಮಲಗಿದವೇ ಉಳಿದ್ವು. ಒಂದು ದಿನ ಹೂ ಬಿಟ್ವು. ಬಗ್ಗಿ ನೋಡಿದೆ. ಹೂವಿನ ಬೆನ್ನ ಮೇಲೆ ಕೂದಲೆಳೆಯಂಥ ಕೆಂಪು ಗೆರೆಗಳು. ಇಳಿದು ಬಂದು ಬಯಲಿನ ಹೂ ತಿರುಗಿಸಿ ನೋಡಿದೆ. ಬೆನ್ನು ಬರೀ ಹಳದಿ. ಇಷ್ಟು ವರ್ಷ ಎರಡನ್ನೂ ಎದುರಿಂದಲೇ ನೋಡಿದ್ದೆ.

ಗುರುಗಳಿಗೆ ಹೇಳಿದೆ. "ಬೆಟ್ಟದ ಗಿಲಿಗಿಚ್ಚಿ ಉಳೀತು, ಅಯ್ನೋರೇ. ಸ್ವಲ್ಪವೇ. ಆದ್ರೆ ಇದೆ. ಹೂವಿನ ಬೆನ್ನ ಮೇಲೆ ಗೆರೆ ಇರುತ್ತೆ ಅಂತ ನೀವು ಮೊದಲೇ ಹೇಳಬಹುದಿತ್ತಲ್ಲ?"

ಗೂಟದಿಂದ ಜೋಳಿಗೆ ತೆಗೆದು ನನ್ನ ಹೆಗಲಿಗೆ ಹಾಕಿದ್ರು.

"ಹೇಳಿದ್ರೆ ನೀನು ಗೆರೆ ನೋಡ್ತಿದ್ದೆ. ಗಿಡ ನೋಡ್ತಿರಲಿಲ್ಲ. ಬಿತ್ತೋರು ಬೇಕಾದಷ್ಟು ಜನ ಇದ್ದಾರೆ ಕೊಟ್ರೇಶಿ. ಬಿತ್ತಿದ ಮೇಲೆ ಪಕ್ಕ ಹೋಗಿ ಕೂತವನಿಗೇ ಗುರುತು ಸಿಗೋದು."

ಮನೆಗೆ ಬಂದು ಈ ಮಾತನ್ನ ನನ್ನ ಹೆಂಡತಿ ನಾಗವೇಣಿಗೆ ಹೇಳಿದೆ. ಸ್ವಲ್ಪ ಗುರುಗಳ ಧ್ವನಿಯಲ್ಲೇ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಾ ಇದ್ಲು. ತಲೆ ಎತ್ತಲಿಲ್ಲ.

"ಬಯಲುಸೀಮೆ ಹುಡುಗೀನ ಮದುವೆ ಮಾಡ್ಕೊಂಡು ಈ ಬೆಟ್ಟದ ಬುಡಕ್ಕೆ ತಂದು ನೆಟ್ರಲ್ಲ," ಅಂದ್ಲು, "ಪಕ್ಕ ಬಂದು ಕೂತ್ಕೊಳ್ಳೋ ಪಾಠ ಇನ್ನೂ ಮುಂದಿದೆಯಾ?"