ಈರಮ್ಮನ ಚೀಲದ ಮೂಲೆಯ ಕಾಳು

ತೇಗದ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಈರಮ್ಮ ಅನ್ನುವ ಸಿಂಪಿಗ ಹಕ್ಕಿ ಇದ್ದಳು. ಹೆಬ್ಬೆರಳಿನಷ್ಟು ಮೈ, ಸೂಜಿಯಂಥ ಕೊಕ್ಕು. ಗಂಡನನ್ನು ಗಿಡುಗ ಎತ್ತಿಕೊಂಡು ಹೋಗಿತ್ತು. ಎರಡು ತೇಗದ ಎಲೆ ಸೇರಿಸಿ ಹೊಲಿದು, ಅದರೊಳಗೆ ಮೂರು ಮೊಟ್ಟೆ ಇಟ್ಟುಕೊಂಡು ಒಂಟಿಯಾಗಿ ಇದ್ದಳು. ಹಾಗಂತ ಯಾರ ಮುಂದೆಯೂ ರೆಕ್ಕೆ ಚಾಚಿದವಳಲ್ಲ.

ಅವಳ ಕಸುಬು ಚೀಲ ಹೊಲಿಯುವುದು. ಕಾಡಿನಂಚಿನ ಊರಿನಲ್ಲಿ ಒಬ್ಬ ದರ್ಜಿ ಬಿಸಾಡುತ್ತಿದ್ದ ಚಿಂದಿಯನ್ನು ಹೆಕ್ಕಿ ತರುತ್ತಿದ್ದಳು. ಮುದ್ದಕ್ಕ ಅನ್ನುವ ಮುಳ್ಳುಹಂದಿ ತನ್ನ ಬೆನ್ನಿನ ಒಂದು ಮುಳ್ಳು ಕೊಟ್ಟಿದ್ದಳು. ದಪ್ಪ ಬಟ್ಟೆಗೆ ಆ ಮುಳ್ಳಿನಿಂದ ತೂತು ಮಾಡಿ, ಬೂರುಗದ ಹತ್ತಿಯ ದಾರ ಪೋಣಿಸಿ ಹೊಲಿಯುತ್ತಿದ್ದಳು. ಕೋತಿ ಮರಿಗೆ ಕುಲಾವಿ ಬೇಕೆ, ಈರಮ್ಮ. ಅಳಿಲಿಗೆ ಕಾಯಿ ಇಡಲು ಸಂಚಿ ಬೇಕೆ, ಈರಮ್ಮ. ಆ ಕಾಡಿನಲ್ಲಿ ಅವಳ ಹೊಲಿಗೆ ಇಲ್ಲದ ಮನೆ ಒಂದೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೊಟ್ಟೆ ಉರಿಯುವುದು ಇದಕ್ಕೇ.

ಅವಳಿಗೆ ಒಂದು ಪದ್ಧತಿ ಇತ್ತು. ಚೀಲ ಮುಗಿಯುವ ಹೊತ್ತಿಗೆ ತಳದ ಎಡಮೂಲೆಯ ಮಡಿಕೆಯೊಳಗೆ ಒಂದು ಹೆಸರುಕಾಳು ಇಟ್ಟು ಹೊಲಿಗೆ ಹಾಕುತ್ತಿದ್ದಳು. ಹೊಸ ಚೀಲವನ್ನು ಬರಿಹೊಟ್ಟೆಯಲ್ಲಿ ಯಾರ ಮನೆಗೂ ಕಳಿಸಬಾರದು ಅಂತ ಅವಳ ತಾಯಿ ಹೇಳಿಕೊಟ್ಟಿದ್ದಳು. ಆ ಮಡಿಕೆ ಬಿಚ್ಚಿದರೆ ತಳದ ಹೊಲಿಗೆಯೇ ಬಿಟ್ಟುಕೊಳ್ಳುತ್ತಿತ್ತು. ಕಾಳಿನ ವಿಷಯವನ್ನು ಅವಳು ಯಾರಿಗೂ ಸಾರಿದವಳಲ್ಲ. ಕೇಳಿದವರೂ ಇಲ್ಲ.

ಆ ವರ್ಷ ಬಿಸಿಲು ಬೇಗ ಬಂತು. ಕೆರೆ ಬತ್ತತೊಡಗಿತು. ಕಾಡಿಗೆಲ್ಲ ಹಿರಿಯಳಾದ ಆನೆ ದೊಡ್ಡಮ್ಮ, ಎಲ್ಲರೂ ಹೊಳೆದಂಡೆಗೆ ಗುಳೆ ಹೋಗೋಣ ಅಂದಳು. ಕಾಳುಕಡ್ಡಿ ಹೊತ್ತು ಹೋಗಲು ಹನ್ನೆರಡು ಮನೆಗೆ ಹನ್ನೆರಡು ಗಟ್ಟಿ ಚೀಲ ಬೇಕು, ಹೊಲಿದುಕೊಟ್ಟವರಿಗೆ ಕೆರೆ ಪಕ್ಕದ ಅತ್ತಿಮರ ಬಿಟ್ಟುಕೊಡುತ್ತೇನೆ ಅಂತಲೂ ಹೇಳಿದಳು. ಎಂಥ ಬಿಸಿಲಿಗೂ ಎಲೆ ಉದುರಿಸದ ಮರ ಅದು.

ಈರಮ್ಮನಿಗೆ ಜೀವ ಬಂದ ಹಾಗಾಯಿತು. ಅವಳ ತೇಗದ ಎಲೆಗಳ ತೊಟ್ಟು ಆಗಲೇ ಹಳದಿಗೆ ತಿರುಗಿತ್ತು. ಎಲೆ ಉದುರಿದರೆ ಗೂಡು ಉದುರಿದ ಹಾಗೆ, ಗೂಡು ಉದುರಿದರೆ ಮೊಟ್ಟೆ ಮೂರೂ ನೆಲದ ಪಾಲು. ಕಾವಿಗೆ ಕೂತ ಕಡೆಯೇ ಮುಳ್ಳು ಹಿಡಿದು, ಎಂಟು ದಿನದಲ್ಲಿ ಹನ್ನೆರಡು ಚೀಲ ಮುಗಿಸಿದಳು. ಒಂದೊಂದರ ಮೂಲೆಗೂ ಒಂದೊಂದು ಕಾಳು.

ಈಗ ಬಂದಳು ನೋಡಿ ಆ ಚೆಲುವಾಜಮ್ಮ. ಪುನುಗಿನ ಬೆಕ್ಕು. ಅವಳು ನಡೆದುಹೋದ ದಾರಿಯೆಲ್ಲ ಘಮಘಮ. ಆ ವಾಸನೆಗೆ ಮರುಳಾಗಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಮೊಲ ಬೋರಯ್ಯನ ಮನೆಗೆ ಕಷ್ಟ ಸುಖ ಕೇಳಲು ಹೋಗಿ ಇದ್ದಬದ್ದ ಹಣ್ಣು ತಿಂದು ಬಂದವಳು. ಒಂದು ದಿನ ಒಂದು ಕಡ್ಡಿ ಎತ್ತಿ ಆಚೆ ಇಟ್ಟವಳಲ್ಲ.

"ಈರಮ್ಮ, ನೀನು ಮೊಟ್ಟೆ ಬಿಟ್ಟು ಅಷ್ಟು ದೂರ ಹೆಂಗೆ ಬರ್ತೀಯವ್ವ? ನಿನ್ನ ಕೂಗು ಆನೆ ಕಿವಿಗೆ ಮುಟ್ಟಬೇಕಲ್ಲ. ಕೊಡು, ನಾನೇ ತಲುಪಿಸಿ, ನಿನ್ನ ಹೆಸರು ಹೇಳಿ ಬರ್ತೀನಿ" ಅಂದಳು.

ಆ ಮಗಳೋ, ನಂಬಿದಳು. ಚೀಲವನ್ನೆಲ್ಲ ಕೊಟ್ಟು ಕಳಿಸಿದಳು.

ಚೆಲುವಾಜಮ್ಮ ಅತ್ತಿಮರದ ಕೆಳಗೆ, ಕೆರೆಯ ಹಸಿ ಮಣ್ಣಿನ ಮೇಲೆ ಕೂತು ಚೀಲಗಳನ್ನು ಹರವಿ ನೋಡಿದಳು. ತಲೆ ಎತ್ತಿದರೆ ಕೊಂಬೆ ತುಂಬ ಅತ್ತಿಹಣ್ಣು. ಅಲ್ಲಿಗೆ ಅವಳ ಬುದ್ಧಿ ಕೆಟ್ಟಿತು, ಇತ್ತಾದರೆ ತಾನೆ ಕೆಡುವುದಕ್ಕೆ. ಚೀಲ ಸವರುವಾಗ ಮೂಲೆಯಲ್ಲಿ ಏನೋ ಗಂಟು ಸಿಕ್ಕಿತು. ಗಲೀಜು ಹೊಲಿಗೆ, ಕಸ ಸೇರಿಸಿಬಿಟ್ಟಿದ್ದಾಳೆ ಅಂದುಕೊಂಡಳು. ನನ್ನ ಕೆಲಸ ಅಂತ ಕೊಡುವಾಗ ನಯವಾಗಿರಬೇಡವೇ? ಹನ್ನೆರಡು ಚೀಲದ ಮೂಲೆಯನ್ನೂ ಹಲ್ಲಿನಿಂದ ಕಚ್ಚಿ, ಒಳಗಿದ್ದದ್ದನ್ನು ಅಲ್ಲೇ ಉಗುಳಿದಳು. ಕದಿಯುವುದು ಒಂದು, ಕದ್ದದ್ದಕ್ಕೆ ಹೆಸರಿಡುವುದು ಇನ್ನೊಂದು. ಇವಳು ಎರಡೂ ಮಾಡಿದಳು.

ಮಾರನೆಯ ಬೆಳಿಗ್ಗೆ ಎಲ್ಲರೂ ಸೇರಿದ್ದಾಗ ಚೀಲಗಳನ್ನು ದೊಡ್ಡಮ್ಮನ ಮುಂದೆ ಇಟ್ಟು, ಹೊಲಿದು ಹೊಲಿದು ಉಗುರೆಲ್ಲ ಸವೆದುಹೋಯಿತು ತಾಯಿ ಅಂದಳು. ದೊಡ್ಡಮ್ಮ ಸೊಂಡಿಲು ಆಡಿಸಿ ಭೇಷ್ ಅಂದಳು. ಅತ್ತಿಮರ ಚೆಲುವಾಜಮ್ಮನ ಪಾಲಾಯಿತು.

ಸುದ್ದಿ ಕೇಳಿದ ಈರಮ್ಮ ಮೊಟ್ಟೆಯ ಮೇಲೆ ಹತ್ತಿ ಮುಚ್ಚಿ, ಎದ್ದೆನೋ ಬಿದ್ದೆನೋ ಅಂತ ಹಾರಿ ಬಂದಳು.

"ದೊಡ್ಡಮ್ಮ, ಅವು ನಾನು ಹೊಲಿದ ಚೀಲ. ಎಡಮೂಲೆ ಮುಟ್ಟಿ ನೋಡಿ, ಒಂದೊಂದರಲ್ಲೂ ಹೆಸರುಕಾಳು ಇದೆ" ಅಂದಳು.

ದೊಡ್ಡಮ್ಮ ಸೊಂಡಿಲಿನ ತುದಿಯಿಂದ ಒಂದು ಚೀಲದ ಮೂಲೆ ಮುಟ್ಟಿದಳು. ಇನ್ನೊಂದು ಮುಟ್ಟಿದಳು. ಹನ್ನೆರಡನ್ನೂ ಮುಟ್ಟಿದಳು. ಒಂದರಲ್ಲೂ ಕಾಳಿಲ್ಲ.

ಚೆಲುವಾಜಮ್ಮ ಬಾಲ ಸರಿಮಾಡಿಕೊಂಡು, "ಪಾಪ, ಬಯ್ಯಬೇಡಿ ತಾಯಿ. ನಾನು ಹೊಲಿಯುವಾಗ ಅಷ್ಟೋ ಇಷ್ಟೋ ದಾರ ಹೆಕ್ಕಿಕೊಟ್ಟಿದ್ಲು. ಅದಕ್ಕೇ ಹಿಂಗಾಡ್ತಾಳೆ" ಅಂದಳು.

ಈರಮ್ಮ ಸುತ್ತ ನೋಡಿದಳು. ಯಾರಾದರೂ ಒಂದು ಮಾತು ಆಡುತ್ತಾರೆ ಅಂತ. ಕೋತಿಗಳು ಹೇನು ಹೆಕ್ಕುವುದರಲ್ಲಿ ಮುಳುಗಿದವು. ಅವುಗಳ ಮರಿಯ ತಲೆಯ ಮೇಲೆ ಈರಮ್ಮ ಹೊಲಿದ ಕುಲಾವಿ ಇತ್ತು. ಬೋರಯ್ಯ ಕಿವಿ ತುರಿಸಿಕೊಂಡ. ಮುದ್ದಕ್ಕ, ಹೊಲಿಯಲು ಮುಳ್ಳು ಕೊಟ್ಟ ಮುದ್ದಕ್ಕ, ನೆಲ ನೋಡುತ್ತಾ ನಿಂತಳು. ಅತ್ತಿಹಣ್ಣು ಉದುರಿದಾಗ ನಿನಗೂ ಕೊಡುತ್ತೇನೆ ಅಂತ ಚೆಲುವಾಜಮ್ಮ ಅವಳ ಕಿವಿ ಕಚ್ಚಿದ್ದಳಂತೆ. ನಾಲ್ಕು ಕೊಳೆತ ಹಣ್ಣಿಗೆ ಬಾಯಿ ಹೊಲಿದುಕೊಂಡಳು. ಇಂಥವರಿಗೆ ಮೈಮೇಲೆ ಅಷ್ಟೊಂದು ಮುಳ್ಳು ಯಾಕೆ ಬೇಕು ಹೇಳಿ?

ಸುಳ್ಳಿ ಅನ್ನಿಸಿಕೊಂಡು ಈರಮ್ಮ ಗೂಡಿಗೆ ಹಿಂದಿರುಗಿದಳು. ಅಷ್ಟರಲ್ಲಿ ಒಂದು ಎಲೆಯ ತೊಟ್ಟು ಕಳಚಿ, ಗೂಡು ಒಂದು ಕಡೆ ವಾಲಿತ್ತು. ಮೊಟ್ಟೆಗಳು ಅಂಚಿಗೆ ಉರುಳಿದ್ದವು. ಅವಳು ಅಳುವುದಕ್ಕೂ ಕೂರಲಿಲ್ಲ. ಉಳಿದ ದಾರದಲ್ಲಿ ಎಲೆಯನ್ನು ಕೊಂಬೆಗೆ ಬಿಗಿದು ಹೊಲಿದಳು. ಮೂರು ದಿನ ಹೀಗೇ ನಡೆಯಿತು. ಗಾಳಿ ಬಿಚ್ಚುವುದು, ಅವಳು ಹೊಲಿಯುವುದು.

ನಾಲ್ಕನೆಯ ದಿನ ಗುಳೆ ಹೊರಟಿತು. ಎಲ್ಲರೂ ಚೀಲ ತುಂಬಿ ಹೆಗಲಿಗೆ ಹಾಕಿದರು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಬೋರಯ್ಯನ ಚೀಲದಿಂದ ಧಾನ್ಯ ಸುರಿಯತೊಡಗಿತು. ಕೋತಿಗಳ ಚೀಲದಿಂದ ಕಾಯಿ ಉದುರಿದವು. ಮುದ್ದಕ್ಕನ ಗೆಡ್ಡೆಗಳು ದಾರಿಯುದ್ದಕ್ಕೂ ಉರುಳಿದವು. ಹನ್ನೆರಡು ಚೀಲವೂ ಎಡಮೂಲೆಯಿಂದಲೇ ಬಿಚ್ಚಿಕೊಂಡಿದ್ದವು.

ಎಲ್ಲರೂ ಚೀಲ ಹಿಡಿದು ಅತ್ತಿಮರದ ಕೆಳಗೆ ಓಡಿದರು. ನೀನು ಹೊಲಿದದ್ದು ತಾನೇ, ಒಂದು ಹೊಲಿಗೆ ಹಾಕಿಕೊಡು ಅಂದರು. ಚೆಲುವಾಜಮ್ಮ ಮೊದಲು ಉಗುರು ನೋವು ಅಂದಳು. ಆಮೇಲೆ ಇವತ್ತು ದಿನ ಒಳ್ಳೆಯದಲ್ಲ ಅಂದಳು. ಕೊನೆಗೆ ಬೋರಯ್ಯ ಮುಳ್ಳು ದಾರ ತಂದು ಕೈಗೇ ಇಟ್ಟಾಗ, ಮುಳ್ಳಿನ ಯಾವ ತುದಿ ಹಿಡಿಯಬೇಕು ಅಂತಲೂ ಗೊತ್ತಾಗದೆ ಚುಚ್ಚಿಸಿಕೊಂಡು ಕೂತಳು.

ಅಷ್ಟರಲ್ಲಿ ದೊಡ್ಡಮ್ಮ ಬಂದಳು. ಚೀಲಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು.

"ಎಲ್ಲದರಲ್ಲೂ ಇದೇ ಮೂಲೆ ಯಾಕೆ ಬಿಚ್ಚಿದೆ? ಇದು ಹಲ್ಲಿನ ಗುರುತಲ್ಲವಾ?"

ಚೆಲುವಾಜಮ್ಮ ತಪ್ಪಿಸಿಕೊಳ್ಳುವ ಆತುರದಲ್ಲಿ, "ಅಲ್ಲಿ ಕಸ ಸಿಕ್ಕಿಕೊಂಡಿತ್ತು ತಾಯಿ. ಕಚ್ಚಿ ತೆಗೆದೆ" ಅಂದಳು.

"ಏನು ಕಸ?"

"ಯಾವುದೋ ಕಾಳು."

ದೊಡ್ಡಮ್ಮ ಮೆಲ್ಲಗೆ ಕೇಳಿದಳು.

"ನೀನೇ ಹೊಲಿದ ಚೀಲದೊಳಗೆ ಏನಿತ್ತು ಅಂತ ನಿನಗೇ ಗೊತ್ತಿರಲಿಲ್ಲವಾ ಚೆಲುವಾಜಮ್ಮ?"

ಆಗ ಬೋರಯ್ಯ ಚೆಲುವಾಜಮ್ಮನ ಕಾಲ ಬುಡ ತೋರಿಸಿದ. ಕೆರೆಯ ಹಸಿ ಮಣ್ಣಿನಲ್ಲಿ, ಅವಳು ಉಗುಳಿದ ಜಾಗದಲ್ಲೇ, ಹೆಸರಿನ ಮೊಳಕೆಗಳು ತಲೆ ಎತ್ತಿ ನಿಂತಿದ್ದವು. ಎಣಿಸಿದರು. ಹನ್ನೆರಡು.

ದೊಡ್ಡಮ್ಮ ಒಂದು ಚೀಲ ಸೊಂಡಿಲಿಗೆ ಸಿಕ್ಕಿಸಿಕೊಂಡು ನೇರ ತೇಗದ ಮರಕ್ಕೆ ನಡೆದಳು. ಈರಮ್ಮ ಜೋತುಬಿದ್ದ ಎಲೆಯನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದಿದ್ದಳು. ದಾರ ಮುಗಿದುಹೋಗಿತ್ತು.

"ತಪ್ಪು ನಂದು ಕಣಮ್ಮ. ಮೂಲೆ ಮುಟ್ಟಿ ನೋಡಿದೆ, ಅದನ್ನ ಯಾರು ಬಿಚ್ಚಿದ್ರು ಅಂತ ಕೇಳಲಿಲ್ಲ" ಅಂದಳು ದೊಡ್ಡಮ್ಮ. ಚೀಲದ ಬಿಚ್ಚಿದ ಮೂಲೆಯನ್ನು ಸೊಂಡಿಲಿನಿಂದ ಒತ್ತಿ ಹಿಡಿದು, ಹತ್ತಿ ಹಾಸಿ, ಮೂರು ಮೊಟ್ಟೆಯನ್ನೂ ಅದರೊಳಗೆ ಇಳಿಸಿದಳು. ಅವಳು ತಿರುಗುವುದರೊಳಗೆ ತೇಗದ ಎಲೆ ನೆಲಕ್ಕೆ ಬಿತ್ತು. ಚೀಲವನ್ನು ಅತ್ತಿಮರದ ಹಸಿರು ಕೊಂಬೆಗೆ ನೇತುಹಾಕಿದಳು. ಈರಮ್ಮ ಮೊದಲು ಆ ಮೂಲೆಗೆ ಒಂದು ಕಾಳಿಟ್ಟು, ಬೋರಯ್ಯ ತಂದಿದ್ದ ದಾರದಲ್ಲಿ ಹೊಲಿದಳು, ಆಮೇಲೆ ಮೊಟ್ಟೆಯ ಮೇಲೆ ಕೂತಳು.

ಆಗ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಬಂದರು, ಹರಿದ ಚೀಲ ಹಿಡಿದು, ನಾಚಿಕೆ ಬಿಟ್ಟು. ಈರಮ್ಮ ಇಲ್ಲ ಅನ್ನಲಿಲ್ಲ. ಆದರೆ ಒಂದು ಮಾತು ಕೇಳಿದಳು.

"ಇದನ್ನ ಹೊಲಿದವರು ಯಾರು ಅಂತ ಎಲ್ಲರೆದುರು ಗಟ್ಟಿಯಾಗಿ ಹೇಳಿ. ಆಮೇಲೆ ಮುಳ್ಳು ಹಿಡೀತೀನಿ."

ಒಬ್ಬೊಬ್ಬರೂ ಹೇಳಿದರು. ಮುದ್ದಕ್ಕನ ದನಿ ಮೊದಲ ಸಲ ಹೊರಡಲೇ ಇಲ್ಲ. ಈರಮ್ಮ ಮೂರು ಸಲ ಹೇಳಿಸಿದಳು. ಸರಿಯಾಗಿಯೇ ಮಾಡಿದಳು.

ಹೊಲಿದಾದ ಚೀಲಗಳನ್ನೆಲ್ಲ ಹೊಳೆಯವರೆಗೆ ಹೊರುವ ಕೆಲಸ ಚೆಲುವಾಜಮ್ಮನ ಬೆನ್ನಿಗೆ ಬಿತ್ತು. ಎರಡು ದಿನದ ದಾರಿ. ಘಮಘಮ ಅನ್ನುತ್ತಿದ್ದ ಮೈ ಬೆವರಿ ನಾರಿತು. ಅವಳ ಹಿಂದೆ ನಡೆದವರೆಲ್ಲ ಮೂಗು ಮುಚ್ಚಿಕೊಂಡರು. ಇತ್ತ ಅತ್ತಿಮರದ ಚೀಲದೊಳಗೆ ಮೂರು ಮೊಟ್ಟೆಯೂ ಒಡೆದು, ಮೂರು ಪುಟ್ಟ ಕೊಕ್ಕುಗಳು ಹೊರಗೆ ಇಣುಕಿದವು.

ನೀತಿ: ಇನ್ನೊಬ್ಬರು ಮಾಡಿದ ಕೆಲಸವನ್ನು ತನ್ನದು ಅಂತ ಹೇಳಿಕೊಂಡವರು ಅದನ್ನು ರಿಪೇರಿ ಮಾಡಬೇಕಾದ ದಿನ ಸಿಕ್ಕಿಬೀಳುತ್ತಾರೆ, ಮಾಡಿದವರು ಯಾರು ಅಂತ ಗೊತ್ತಿದ್ದೂ ಸುಮ್ಮನಿದ್ದವರು ಆ ಕಳ್ಳತನದಲ್ಲಿ ಪಾಲುದಾರರು.