ಲಸ್ಸಿ ಅಂಗಡಿಯ ಅಕ್ಷರ

ಹನುಮೋಜಿಯವರ ಆಶ್ರಮವೆಂದರೆ ಹೊಳೆದಂಡೆಯ ಒಂದು ತಗಡಿನ ಶೆಡ್ಡು. ಅಲ್ಲಿ ಯಾರೂ ಧ್ಯಾನ ಮಾಡುತ್ತಿರಲಿಲ್ಲ. ಬೋರ್ಡ್ ಬರೆಯುತ್ತಿದ್ದರು.

ಶಿಷ್ಯೆ ಕಸ್ತೂರಿ ಆರು ವರ್ಷ ಅವರ ಬಳಿ ಅಕ್ಷರ ಕಲಿತಳು. ಏಳನೆಯ ವರ್ಷ ಗುರುಗಳ ದಪ್ಪ ಕುಂಚದ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಫಾಂಟ್ ಮಾಡಿದಳು. ನೋಡಿದವರು ಕೈಬರಹವೆಂದೇ ನಂಬುತ್ತಿದ್ದರು. ಅದಕ್ಕೆ ಗುರುಗಳ ಹೆಸರಿಡಬೇಕೆಂದು ಅವಳ ಆಸೆ. ಒಪ್ಪಿಗೆ ಕೇಳಲು ಬಂದಳು.

ಗುರುಗಳು ಯಂತ್ರವನ್ನು ಬೈಯುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡಿದ್ದಳು. ಹನುಮೋಜಿ ಕನ್ನಡಕ ಹಾಕಿಕೊಂಡು, ಅವಳು ಅಚ್ಚುಹಾಕಿಸಿ ತಂದಿದ್ದ ಕಾಗದ ನೋಡಿದರು.

“ಚೆನ್ನಾಗಿದೆ.”

ಸಿದ್ಧಮಾಡಿದ ಉತ್ತರ ವ್ಯರ್ಥವಾಯಿತು.

“ಎಲ್ಲ ಅಕ್ಷರದ ಬಾಲವೂ ಯಾಕೆ ಸೀಳಿದೆ?” ಎಂದು ಗುರುಗಳು ಕೇಳಿದರು.

“ಅದು ನಿಮ್ಮ ಶೈಲಿ, ಗುರುಗಳೇ.”

“ಶೈಲಿಯಲ್ಲ. ಇವನ್ನು ಬರೆದ ದಿನ ನನ್ನ ಕುಂಚ ಹಳೆಯದಾಗಿತ್ತು.”

ಕಸ್ತೂರಿ ಕಾಗದವನ್ನು ಹತ್ತಿರ ಹಿಡಿದು ಬಾಲಗಳನ್ನು ನೋಡಿದಳು.

“ಯಾವುದಕ್ಕೆ ಬಳಸುತ್ತಾರೆ?”

“ಎಲ್ಲದಕ್ಕೂ. ಲಸ್ಸಿ ಅಂಗಡಿ, ಸಿನಿಮಾ ಪೋಸ್ಟರ್, ಮದುವೆ ಕಾರ್ಡ್. ಒಬ್ಬರು ತಿಥಿ ಕಾರ್ಡಿಗೂ ಹಾಕಿಸಿದರು.”

“ತಿಥಿಗೆ ಬಂದವರು ಏನಂದರು?”

“ಕಾರ್ಡ್ ಭಾರಿ ಚೆನ್ನಾಗಿದೆ ಅಂದರು.”

“ಸತ್ತವನ ಹೆಸರೇನು?”

ಕಸ್ತೂರಿಗೆ ನೆನಪಾಗಲಿಲ್ಲ. ಮಾತು ಬದಲಿಸಿದಳು.

“ಪಂಚಾಯಿತಿಯವರೂ ಕೇಳಿದರು, ಗುರುಗಳೇ. ಹೊಳೆಯ ತಿರುವಿಗೆ ಎಚ್ಚರಿಕೆ ಬೋರ್ಡ್. ಇದೇ ಅಕ್ಷರ. ಬೆಳಿಗ್ಗೆಯೇ ನಿಲ್ಲಿಸಿ ಬಂದೆ.”

ತಿರುವಿನಲ್ಲಿ ಮರಳು ತೆಗೆದ ಗುಂಡಿಯಿತ್ತು. ದಂಡೆಯಿಂದ ಎರಡು ಹೆಜ್ಜೆ ಮೊಣಕಾಲುದ್ದ ನೀರು. ಮೂರನೆಯ ಹೆಜ್ಜೆಗೆ ನೆಲವೇ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಇಬ್ಬರು ಅಲ್ಲಿಯೇ ಮುಳುಗಿದ್ದರು.

ಗುರುಗಳು ಎದ್ದು ಚಪ್ಪಲಿ ಮೆಟ್ಟಿದರು.

“ನಡಿ.”

“ಬೋರ್ಡ್ ನೋಡೋದಕ್ಕಾ?”

“ಓದುವವರನ್ನು ನೋಡೋದಕ್ಕೆ.”

ಯಾವ ಬೋರ್ಡ್ ಬರೆದರೂ ಅದರ ಎದುರು ಒಂದು ಗಂಟೆ ಕೂತು, ದಾರಿಹೋಕರ ಮುಖ ನೋಡುವುದು ಹನುಮೋಜಿಯವರ ಪದ್ಧತಿ. ಊರಿನ ಕೆಲವರು ಅದನ್ನು ತಪಸ್ಸು ಎನ್ನುತ್ತಿದ್ದರು. ಹನುಮೋಜಿ ಆ ಹೊತ್ತಿನಲ್ಲಿ ಬೀಡಿ ಸೇದುತ್ತಿದ್ದರು.

ಹಳದಿ ಬೋರ್ಡ್. ದಪ್ಪ ಕೆಂಪು ಅಕ್ಷರ, ಹಿಂದೆ ಕಪ್ಪು ನೆರಳು, ಮೇಲೆ ಬಿಳಿ ಮಿಂಚು. ‘ಇಲ್ಲಿ ನೀರಿಗೆ ಇಳಿಯಬೇಡಿ. ಆಳವಾದ ಗುಂಡಿ ಇದೆ.’ ಇಬ್ಬರೂ ಹುಣಸೆಮರದ ಕೆಳಗೆ ಕೂತರು.

ಆಟೋ ಬಂತು. ಪರವೂರಿನ ಗಂಡ, ಹೆಂಡತಿ, ಅವಳ ತಾಯಿ ಇಳಿದರು.

“ಲೇ, ಅಕ್ಷರ ನೋಡೇ, ಏನ್ ಮಸ್ತ್ ಐತೆ!” ಎಂದ ಗಂಡ. “ನಾನು ನಿಂತ್ಕೋತೀನಿ, ಒಂದು ಫೋಟೋ ತೆಗಿ.”

“ಹೊಟ್ಟೆ ಒಳಗೆ ಎಳ್ಕೊಳ್ರಿ. ಅರ್ಧ ಬೋರ್ಡ್ ಕಾಣ್ತಿಲ್ಲ.”

“ಫೋಟೋ ಆಮೇಲೆ. ಕುಡಿಯಾಕೆ ಏನಾದ್ರೂ ಸಿಗುತ್ತೇನ್ರಪ್ಪಾ?” ಎಂದಳು ಮುದುಕಿ.

“ಇಷ್ಟು ದೊಡ್ಡ ಬೋರ್ಡ್ ಹಾಕ್ಯಾರಲ್ಲತ್ತೆ, ಅಂಗಡಿ ಇಲ್ಲೇ ಎಲ್ಲೋ ಇರ್ತೈತೆ.”

ಕಸ್ತೂರಿಯ ಮುಖ ಅರಳಿತ್ತು. “ಮೆಚ್ಚಿದರು, ಗುರುಗಳೇ.”

“ಮೆಚ್ಚಿದರು. ಓದಿದರೇ?”

ಗಂಡ ಅಂಗಿ ಬಿಚ್ಚಿದ. ಅದನ್ನು ಬೋರ್ಡಿನ ಮೂಲೆಗೆ ತೂಗುಹಾಕಿದ. “ಒಂದು ಮುಳುಗು ಹಾಕಿ ಬಂದೆ,” ಎನ್ನುತ್ತ ನೀರಿಗೆ ಕಾಲಿಟ್ಟ.

ಒಂದು ಹೆಜ್ಜೆ.

ಗುರುಗಳು ಏಳತೊಡಗಿದರು. ಮಂಡಿ ನೋವಿನವರು, ತಡವಾಗುತ್ತಿತ್ತು. ಕಸ್ತೂರಿ ಆಗಲೇ ಓಡಿದ್ದಳು.

ಎರಡು ಹೆಜ್ಜೆ.

“ಏಯ್! ನಿಲ್ಲೋ! ಗುಂಡಿ ಐತಲ್ಲೋ! ಸಾಯ್ತೀಯಾ!”

ಅವನು ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟ.

“ಯಾಕಮ್ಮಾ ಹಿಂಗೆ ಕಿರುಚ್ತೀಯ? ಎದೆ ಒಡೆದುಹೋಯ್ತು!”

“ಬೋರ್ಡ್ ಹಾಕಿದೆಯಲ್ಲ, ಓದಲಿಲ್ವಾ?”

“ಯಾವ ಬೋರ್ಡು?”

ಕಸ್ತೂರಿ ದಂಡೆಯಲ್ಲಿದ್ದ ಉದ್ದನೆಯ ಬಿದಿರುಕೋಲೊಂದನ್ನು ಎತ್ತಿ ಅವನ ಮುಂದೆ ನೀರಿಗೆ ಇಳಿಬಿಟ್ಟಳು. ಅದು ಪೂರ್ತಿ ಒಳಗೆ ಹೋಯಿತು. ಅವಳ ಕೈಯೂ ಮೊಣಕೈವರೆಗೆ ಹೋಯಿತು. ನೆಲ ಸಿಗಲಿಲ್ಲ.

ಅವನು ಮಾತಾಡದೆ ಮೇಲೆ ಬಂದ. ಅಂಗಿ ತೆಗೆದುಕೊಂಡ. ಅಂಗಿಯ ಹಿಂದೆ ಬೋರ್ಡಿನಲ್ಲಿ ಏನು ಬರೆದಿದೆಯೆಂದು ಆಗ ಓದಿದ. ಆಟೋ ಹೊರಟುಹೋಯಿತು.

ಕಸ್ತೂರಿ ಮರಳಿನ ಮೇಲೆ ಕೂತಳು.

“ಈ ಫಾಂಟ್ ಅಳಿಸಿಬಿಡಲೇ, ಗುರುಗಳೇ?”

“ಯಾಕೆ? ಲಸ್ಸಿಗೆ ಇರಲಿ. ನನ್ನ ಹೆಸರೇ ಇಡು. ಲಸ್ಸಿ ನನಗೂ ಇಷ್ಟ.”

“ಹಾಗಾದರೆ ಈ ಬೋರ್ಡನ್ನು ಕೈಯಲ್ಲಿ ಬರೆಯಲೇ?”

“ಕೈಯೋ ಕಂಪ್ಯೂಟರೋ, ಹೊಳೆಗೇನು ಗೊತ್ತು?”

“ಮತ್ತೆ ಎಂಥ ಅಕ್ಷರ ಹಾಕಲಿ? ಇವತ್ತೇ ಬದಲಿಸಬೇಕಲ್ಲ.”

ಗುರುಗಳು ಬೋರ್ಡಿನ ಕಂಬವನ್ನು ಅಲುಗಾಡಿಸಿ ಕಿತ್ತು, ಮುಖ ಕೆಳಗೆ ಮಾಡಿ ಮಲಗಿಸಿದರು.

“ಈಗ ಕೂಗಿದೆಯಲ್ಲ, ದನಿ ಚೆನ್ನಾಗಿರಲಿ ಅಂತ ಯೋಚಿಸಿದೆಯಾ?”

“ಇಲ್ಲ.”

“ಅವನು ನಿಂತ.”